ಡ್ರೈಸೂಟ್ ತೊಟ್ಟವರ ಬೆನ್ನಿಗೆ ಎಂಥ ವಿಂಗ್ ಬೇಕು?

(ಮಂಗಳೂರಿನಲ್ಲಿ ಸ್ಕೂಬಾ ಡೈವಿಂಗ್ ಆಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ನಮ್ಮ ಕಡಲಿನಲ್ಲಿ ಮುಳುಗುವವರಿಗೆ ಡ್ರೈಸೂಟ್, ಅಂದರೆ ಒಳಗೆ ನೀರು ಬಾರದಂತೆ ಮುಚ್ಚಿದ ಉಡುಪು, ಬೇಕಾಗುವುದಿಲ್ಲ. ನೇತ್ರಾಣಿ ದ್ವೀಪದ ಸುತ್ತ ಡೈವ್ ಮಾಡುವವರಿಗೆ, ನೀರು ಒಳಬಂದರೂ ಮೈಗಂಟಿರುವ ತೆಳುವಾದ ವೆಟ್‌ಸೂಟ್ ಸಾಕು. ಹಲವರು ಅದನ್ನೂ ಚಳಿಗಿಂತ ಹೆಚ್ಚಾಗಿ ಬಂಡೆಯಿಂದಲೂ ಜೆಲ್ಲಿ ಮೀನಿನಿಂದಲೂ ಚರ್ಮವನ್ನು ಕಾಪಾಡಿಕೊಳ್ಳಲೆಂದೇ ತೊಡುತ್ತಾರೆ. ಹಾಗಿದ್ದೂ ಈ ವಿಷಯವನ್ನು ಮಂಗಳೂರಿನಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಮುರ್ಡೇಶ್ವರದಿಂದ ದೋಣಿ ಹತ್ತಿ ಡೈವಿಂಗ್ ಕಲಿತ ನಮ್ಮ ಮಕ್ಕಳು ಮುಂದೆ ಓದಿಗೋ ಹಡಗಿನ ಕೆಲಸಕ್ಕೋ ನಾರ್ವೆ, ಸ್ಕಾಟ್ಲೆಂಡ್, ಕೆನಡಾಗಳಿಗೆ ಹೋಗುತ್ತಾರೆ. ಅಲ್ಲಿನ ನೀರನ್ನು ಕಂಡ ಮೇಲೆ ಅದರೊಳಗೆ ಇಳಿಯಬೇಕೆನಿಸುವುದು ಸಹಜ. ಐಸ್‌ಲ್ಯಾಂಡಿನ ಥಿಂಗ್ವೆಲ್ಲಿರ್ ರಾಷ್ಟ್ರೀಯ ಉದ್ಯಾನದಲ್ಲಿರುವ ಸಿಲ್ಫ್ರಾ ಎಂಬ ಬಿರುಕಿನ ನೀರು ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಸ್ಕಾಪಾ ಫ್ಲೋದಲ್ಲಿ, 1919ರ ಜೂನ್ 21ರಂದು ಜರ್ಮನ್ ನೌಕಾಪಡೆ ತಾನೇ ಮುಳುಗಿಸಿದ ಯುದ್ಧನೌಕೆಗಳಲ್ಲಿ ಉಳಿದವು ಹೆಚ್ಚಾಗಿ 30 ಮೀಟರ್ ದಾಟಿದ ಆಳದಲ್ಲಿ ತಣ್ಣನೆಯ ನೀರಿನ ತಳದಲ್ಲಿ ಕೂತಿವೆ. ಇಂಥ ಕಡೆ ಹೋಗುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಡ್ರೈಸೂಟ್ ಕೊಳ್ಳಬೇಕೆಂದು. ತೇಲುವಿಕೆಯನ್ನು ಹೊಂದಿಸುವ ಸಾಧನ, ಅಂದರೆ ಡೈವರ್‌ಗಳು ಬಿಸಿಡಿ ಎಂದು ಕರೆಯುವ ಜಾಕೆಟ್, ಹೇಗೂ ತಮ್ಮ ಬಳಿ ಇದೆಯಲ್ಲ ಎಂದುಕೊಂಡು ಸುಮ್ಮನಿರುತ್ತಾರೆ. ಬೆಚ್ಚನೆಯ ನೀರಿಗಾಗಿ ಆಯ್ದ ಆ ಜಾಕೆಟ್ ಡ್ರೈಸೂಟಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆಯನ್ನು ಅವರು ಕೇಳಿಕೊಳ್ಳಬೇಕು ಎಂಬುದೇ ಇಂದಿನ ನನ್ನ ಮಾತಿನ ತಿರುಳು.

ನೀರಿನಲ್ಲಿ ಮುಳುಗಿದ ವಸ್ತು ತಾನು ಸರಿಸಿದ ನೀರಿನ ತೂಕದಷ್ಟು ಮೇಲ್ಮುಖ ಬಲ ಪಡೆಯುತ್ತದೆ ಎಂಬ ಆರ್ಕಿಮಿಡೀಸನ ನಿಯಮವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಡೈವರ್‌ಗಳ ಲೆಕ್ಕದಲ್ಲಿ ಅದರ ಅರ್ಥ ಇಷ್ಟು: ಒಂದು ಲೀಟರ್ ಗಾಳಿ ಮೈಮೇಲೆ ಎಲ್ಲಿಯೇ ಸಿಕ್ಕಿಕೊಂಡಿರಲಿ, ಅದು ಸುಮಾರು ಒಂದು ಕಿಲೋ ಎತ್ತುತ್ತದೆ. ವೆಟ್‌ಸೂಟ್ ತೊಟ್ಟವರು ಹೊತ್ತಿರುವ, ಹಿಗ್ಗಿಸಿ ಕುಗ್ಗಿಸಬಲ್ಲ ಗಾಳಿಯ ಚೀಲ ಒಂದೇ, ಅದು ಬಿಸಿಡಿ. ಡ್ರೈಸೂಟ್ ತೊಟ್ಟವರು ಎರಡನ್ನು ಹೊತ್ತಿರುತ್ತಾರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಒಯ್ಯುವುದರಿಂದ, ಮೈ ಬೆಚ್ಚಗಿರಬೇಕಾದರೆ ಸೂಟಿನೊಳಗಿನ ದಪ್ಪ ಅಂಡರ್‌ಸೂಟಿನ ನೂಲುಗಳ ನಡುವೆ ಗಾಳಿ ಉಳಿಯಲೇಬೇಕು. ಆ ಗಾಳಿಯೇ ಎರಡನೆಯ ಚೀಲ. ಆಳಕ್ಕಿಳಿದಂತೆ ಅದು ಕುಗ್ಗಿ ಸೂಟ್ ಮೈಯನ್ನು ಹಿಂಡತೊಡಗುತ್ತದೆ, ಎದೆಯ ಮೇಲಿನ ವಾಲ್ವ್ ಒತ್ತಿ ಗಾಳಿ ತುಂಬಬೇಕಾಗುತ್ತದೆ. ಮೇಲೇರುವಾಗ ಅದೇ ಗಾಳಿ ಹಿಗ್ಗುತ್ತದೆ, ಎಡತೋಳಿನ ವಾಲ್ವಿನಿಂದ ಹೊರಬಿಡಬೇಕಾಗುತ್ತದೆ. ಬಿಸಿಡಿಯ ಗಾಳಿ ಅದಕ್ಕಾಗಿಯೇ ಹೊಲಿದ ಚೀಲದಲ್ಲಿ ಮೈಗಂಟಿ ಕೂತಿರುತ್ತದೆ; ಬೆನ್ನಿಗೆ ಮಾತ್ರ ಕಟ್ಟುವ ಅಂಥ ಚೀಲವನ್ನು ವಿಂಗ್ ಎನ್ನುತ್ತಾರೆ. ಸೂಟಿನ ಗಾಳಿ ಹಾಗಲ್ಲ, ಅದು ತೋಳಿನಿಂದ ಎದೆಗೆ, ಎದೆಯಿಂದ ಪಾದಕ್ಕೆ ಓಡಾಡುತ್ತದೆ. ಅದು ಪಾದಕ್ಕೆ ಹೋಗಿ ಸೇರಿದರೆ ಕಾಲು ಮೇಲಾಗಿ ತಲೆ ಕೆಳಗಾಗುತ್ತದೆ, ಗಾಳಿ ಬಿಡಬೇಕಾದ ವಾಲ್ವ್ ಗಾಳಿಗಿಂತ ಕೆಳಗೆ ಉಳಿಯುತ್ತದೆ. ಡ್ರೈಸೂಟಿನಲ್ಲಿ ಹಿಡಿತ ತಪ್ಪಿ ಮೇಲಕ್ಕೆ ಹಾರುವ ಅಪಾಯದ ಮೂಲ ಇದು. ಶ್ವಾಸಕೋಶಕ್ಕೆ ಪೆಟ್ಟಾಗುವುದು, ಡಿಕಂಪ್ರೆಷನ್ ಕಾಯಿಲೆ (ಮೈಯಲ್ಲಿ ಕರಗಿದ ಅನಿಲ ಗುಳ್ಳೆಗಳಾಗುವುದು) ಬರುವುದು ಇಂಥ ಏರಿಕೆಯ ಪರಿಣಾಮಗಳೇ.

ಹಿಗ್ಗುವ ಪ್ರಮಾಣವನ್ನೂ ಒಮ್ಮೆ ನೋಡಬೇಕು. 1662ರಲ್ಲಿ ಪ್ರಕಟವಾದ ಬಾಯ್ಲ್‌ನ ನಿಯಮದಂತೆ ಒತ್ತಡ ಇಮ್ಮಡಿಯಾದರೆ ಗಾತ್ರ ಅರ್ಧವಾಗುತ್ತದೆ. ನೀರಿನ ಮೇಲೆ 1 ಬಾರ್ ಇರುವ ಒತ್ತಡ 10 ಮೀಟರ್‌ನಲ್ಲಿ 2, 30 ಮೀಟರ್‌ನಲ್ಲಿ 4 ಬಾರ್ ಆಗುತ್ತದೆ. ಸೂಟಿನಲ್ಲಿ 4 ಲೀಟರ್ ಹೆಚ್ಚುವರಿ ಗಾಳಿಯಿದ್ದು ಅದನ್ನು ಬಿಡದೆಯೇ 30 ಮೀಟರ್‌ನಿಂದ 20ಕ್ಕೆ ಏರಿದರೆ ಅದು ಸುಮಾರು 5.3 ಲೀಟರ್ ಆಗುತ್ತದೆ, ಅಂದರೆ ಹೆಚ್ಚುವ ಎತ್ತುಬಲ ಸುಮಾರು 1.3 ಕಿಲೋ ಮಾತ್ರ. ಅದೇ 4 ಲೀಟರ್ 10 ಮೀಟರ್‌ನಿಂದ ನೀರಿನ ಮೇಲಕ್ಕೆ ಬರುವಷ್ಟರಲ್ಲಿ 8 ಲೀಟರ್ ಆಗಿ ನಾಲ್ಕು ಕಿಲೋ ಹೆಚ್ಚಿಗೆ ಎತ್ತುತ್ತದೆ. ಏರುವ ದೂರ ಒಂದೇ ಆದರೂ ಪರಿಣಾಮ ಮೂರು ಪಟ್ಟು. ಆದ್ದರಿಂದ ಕೊನೆಯ ಹತ್ತು ಮೀಟರ್‌ಗಳಲ್ಲಿ ಸೂಟಿನೊಳಗೆ ಬೇಡದ ಗಾಳಿ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು.

ಇಲ್ಲಿ ತರಬೇತಿ ಸಂಸ್ಥೆಗಳ ನಡುವೆಯೇ ಭಿನ್ನಾಭಿಪ್ರಾಯವಿದೆ. ಪಾಡಿ ಸಂಸ್ಥೆಯ ಪ್ರಾಥಮಿಕ ಡ್ರೈಸೂಟ್ ಪಾಠದಲ್ಲಿ, ನೀರಿನ ಮೇಲಿರುವಾಗ ಬಿಸಿಡಿಯನ್ನೂ ನೀರಿನೊಳಗೆ ಸೂಟಿನ ಗಾಳಿಯನ್ನೂ ಬಳಸಿ ತೇಲುವಿಕೆಯನ್ನು ಹೊಂದಿಸಬೇಕೆಂದು ಕಲಿಸುತ್ತಾರೆ. ಹೊಸಬರು ಒಂದೇ ಹೊತ್ತಿಗೆ ಎರಡು ಚೀಲಗಳ ಚಿಂತೆ ಮಾಡಬೇಕಿಲ್ಲ ಎಂಬುದು ಅದರ ಸಮರ್ಥನೆ. ಜಿಯುಇಯಂಥ ಸಂಸ್ಥೆಗಳು ಸೂಟಿಗೆ ಹಿಂಡುವಿಕೆ ತಪ್ಪಿಸುವಷ್ಟು, ಬೆಚ್ಚಗಿಡುವಷ್ಟು ಗಾಳಿ ಮಾತ್ರ ತುಂಬಿ, ಉಳಿದ ಹೊಂದಾಣಿಕೆಯನ್ನೆಲ್ಲ ಬೆನ್ನಿನ ವಿಂಗಿನಿಂದಲೇ ಮಾಡಬೇಕು ಎನ್ನುತ್ತವೆ. ಇದರಲ್ಲಿ ಯಾರು ಸರಿ ಎಂಬುದು ಹೊತ್ತಿರುವ ಗಾಳಿಯ ತೂಕವನ್ನು ಅವಲಂಬಿಸಿದೆ ಎಂಬುದು ನನ್ನ ಅಭಿಪ್ರಾಯ. 12 ಲೀಟರಿನ ಒಂದು ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿದರೆ ಅದು 2400 ಲೀಟರ್. ಲೀಟರಿಗೆ ಸುಮಾರು 1.2 ಗ್ರಾಂನಂತೆ ಅದರ ತೂಕ ಹತ್ತಿರ ಹತ್ತಿರ 2.9 ಕಿಲೋ. ಡೈವ್ ಮುಗಿಯುವಷ್ಟರಲ್ಲಿ ಉಸಿರಾಗಿ ಹೋಗುವ ಈ ತೂಕವನ್ನು ಆರಂಭದಲ್ಲಿ ಎಲ್ಲಿಯಾದರೂ ಸರಿದೂಗಿಸಲೇಬೇಕು. ಮುಳುಗಲೆಂದು ಕಟ್ಟಿಕೊಳ್ಳುವ ಸೀಸದ ತೂಕ ಸರಿಯಾಗಿದ್ದರೆ, ಮೂರು ಲೀಟರ್ ಹೆಚ್ಚುವರಿ ಗಾಳಿ ಸೂಟಿನಲ್ಲಿದ್ದರೂ ಹೇಗೋ ನಿಭಾಯಿಸಬಹುದು. ಜೋಡಿ ಸಿಲಿಂಡರ್ ಹೊತ್ತಾಗ ಅದು ಆರು ಲೀಟರ್ ಆಗುತ್ತದೆ, ಮತ್ತು ಆರು ಲೀಟರ್ ಗಾಳಿ ಸೂಟಿನೊಳಗೆ ಅತ್ತಿತ್ತ ಓಡಾಡುವುದು ಕ್ಷೇಮವಲ್ಲ. ಒಂದು ಸಿಲಿಂಡರಿನಿಂದ ಆರಂಭಿಸುವವರು ಕೂಡ ವಿಂಗಿನಿಂದಲೇ ಹೊಂದಿಸುವ ಅಭ್ಯಾಸ ಮಾಡಿಕೊಂಡರೆ ಮುಂದೆ ಕಲಿತದ್ದನ್ನು ಮರೆಯುವ ಕಷ್ಟ ಇರುವುದಿಲ್ಲ. ಆದ್ದರಿಂದ ನಾನು ಎರಡನೆಯ ಪಕ್ಷದವನು. ಬಿಸಿಡಿಯ ಆಯ್ಕೆಯ ಬಗ್ಗೆ ಮುಂದೆ ಹೇಳುವುದೆಲ್ಲ ಈ ನಿಲುವಿನಿಂದ ಹೊರಟದ್ದು.

ಸೂಟಿನ ಬಗೆಯನ್ನು ಇಲ್ಲಿ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ದಪ್ಪ ನಿಯೋಪ್ರೀನ್ ಡ್ರೈಸೂಟ್ ತನ್ನ ಬಟ್ಟೆಯೊಳಗೇ ಗಾಳಿಯ ಸಣ್ಣ ಗುಳ್ಳೆಗಳನ್ನು ಹೊತ್ತಿರುವುದರಿಂದ ಆಳದಲ್ಲಿ ತೆಳುವಾಗಿ, ತನ್ನ ತೇಲುವ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಆ ಕೊರತೆಯನ್ನು ವಿಂಗ್ ತುಂಬಬೇಕು. ನೈಲಾನ್ ಪದರಗಳ ನಡುವೆ ಬ್ಯುಟೈಲ್ ರಬ್ಬರ್ ಇಟ್ಟು ಮಾಡಿದ ಟ್ರೈಲ್ಯಾಮಿನೇಟ್ ಸೂಟಿನ ಬಟ್ಟೆ ಮಾತ್ರ ತಾನಾಗಿ ತೇಲುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅಂಡರ್‌ಸೂಟಿನೊಳಗಿನ ಗಾಳಿಯ ಗಾತ್ರವನ್ನು ಒಂದೇ ಅಳತೆಯಲ್ಲಿ ಉಳಿಸಿಕೊಂಡರೆ 5 ಮೀಟರ್‌ನಲ್ಲಿಯೂ 30 ಮೀಟರ್‌ನಲ್ಲಿಯೂ ತೇಲುವಿಕೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಟ್ರೈಲ್ಯಾಮಿನೇಟ್ ತೊಟ್ಟವರ ವಿಂಗ್ ಎಲ್ಲವೂ ಸರಿಯಾಗಿರುವ ಡೈವಿನಲ್ಲಿ ಹೊರುವುದು ಸಿಲಿಂಡರಿನ ಗಾಳಿಯ ಮೂರು ಕಿಲೋ ತೂಕವನ್ನಷ್ಟೇ. ಇದನ್ನು ಕೇಳಿದವರು ಹಾಗಾದರೆ ಐದು ಕಿಲೋ ಎತ್ತುವ ವಿಂಗ್ ಸಾಕಲ್ಲ ಎಂದಾರು. ಸಾಲದು. ವಿಂಗಿನ ಗಾತ್ರವನ್ನು ನಿರ್ಧರಿಸಬೇಕಾದದ್ದು ನೀರಿನ ಮೇಲಿನ ಸ್ಥಿತಿಯನ್ನೂ, ಏನಾದರೂ ಕೆಟ್ಟಾಗಿನ ಸ್ಥಿತಿಯನ್ನೂ ನೋಡಿ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಲೆಕ್ಕ ಸುಲಭವಾಗಲೆಂದು ಅಂಕೆಗಳನ್ನು ದುಂಡಾಗಿಸಿದ್ದೇನೆ. ಪ್ರತಿಯೊಬ್ಬರೂ ತಮ್ಮ ಸಾಮಾನುಗಳನ್ನು ತೂಗಿ ತಮ್ಮ ಅಂಕೆಗಳನ್ನು ಹಾಕಿಕೊಳ್ಳಬೇಕು. ಡೈವರ್‌ನ ದೇಹ ತಾನೇ ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ ಎಂದಿಟ್ಟುಕೊಳ್ಳೋಣ. ಟ್ರೈಲ್ಯಾಮಿನೇಟ್ ಸೂಟ್ ಮತ್ತು ದಪ್ಪ ಅಂಡರ್‌ಸೂಟ್ ಸೇರಿ ಉಪ್ಪುನೀರಿನಲ್ಲಿ 12 ಕಿಲೋ ತೇಲುತ್ತವೆ. ಅದನ್ನು ಮುಳುಗಿಸಲು ಬೇಕಾದ 12 ಕಿಲೋಗಳಲ್ಲಿ ವಿಂಗನ್ನೂ ಸಿಲಿಂಡರನ್ನೂ ಕಟ್ಟುವ ಬೆನ್ನಿನ ಸ್ಟೀಲ್ ಪ್ಲೇಟ್ ಎರಡೂವರೆ, ಸಿಲಿಂಡರಿನ ಗಾಳಿಯ ಒತ್ತಡವನ್ನು ಉಸಿರಾಟಕ್ಕೆ ತಕ್ಕಂತೆ ಇಳಿಸುವ ರೆಗ್ಯುಲೇಟರ್ ಒಂದು, ಖಾಲಿ ಸ್ಟೀಲ್ ಸಿಲಿಂಡರ್ ಒಂದೂವರೆ ಕಿಲೋ ಕೊಡುತ್ತವೆ. ಉಳಿದ ಏಳು ಕಿಲೋ ಸೀಸ. ಸಿಲಿಂಡರ್ ತುಂಬಿದಾಗ ಇದಕ್ಕೆ ಗಾಳಿಯ ಮೂರು ಕಿಲೋ ಸೇರುತ್ತದೆ.

ಮೊದಲನೆಯ ಪರೀಕ್ಷೆ ಇದು: ದೋಣಿಯ ಪಕ್ಕದಲ್ಲಿ ಡೈವರ್ ತಮ್ಮ ಸಾಮಾನನ್ನು ಬಿಚ್ಚಿ ನೀರಿನಲ್ಲಿ ಬಿಟ್ಟರೆ, ತುಂಬಿದ ಸಿಲಿಂಡರಿನ ಸಮೇತ ಅದು ತಾನೇ ತೇಲಬೇಕು. ಪ್ಲೇಟ್, ರೆಗ್ಯುಲೇಟರ್, ಸಿಲಿಂಡರ್, ಗಾಳಿ ಎಲ್ಲ ಸೇರಿ ಎಂಟು ಕಿಲೋ. ಏಳು ಕಿಲೋ ಸೀಸವನ್ನೂ ಅದೇ ಸಾಮಾನಿಗೆ ಕಟ್ಟಿದ್ದರೆ ಹದಿನೈದು. ಮೂರನ್ನು ಅಲ್ಲಿಟ್ಟು ನಾಲ್ಕನ್ನು ಸೊಂಟದ ಬೆಲ್ಟಿಗೆ ಹಾಕಿಕೊಂಡಿದ್ದರೆ ಹನ್ನೊಂದು. ಎರಡನೆಯ ಪರೀಕ್ಷೆ ಇನ್ನೂ ಕಠಿಣವಾದದ್ದು: ಡೈವಿನ ಆರಂಭದಲ್ಲಿಯೇ ಸೂಟಿನ ಜಿಪ್ಪೋ ಕುತ್ತಿಗೆಯ ಸೀಲೋ ಹರಿದು ಸೂಟಿನ ತುಂಬ ನೀರು ನುಗ್ಗಿತೆನ್ನಿ. ಒಳಗೆ ಬಂದ ನೀರಿಗೆ ನೀರಿನಲ್ಲಿ ತೂಕವಿಲ್ಲ, ಆದ್ದರಿಂದ ಅದು ಡೈವರ್‌ನನ್ನು ಎಳೆದು ಮುಳುಗಿಸುವುದಿಲ್ಲ. ಆದರೆ ಅದು ಹೊರದಬ್ಬಿದ ಗಾಳಿಯೊಂದಿಗೆ 12 ಕಿಲೋ ತೇಲುವ ಬಲ ಹೊರಟುಹೋಗುತ್ತದೆ. ಪೂರ್ತಿ ಗಾಳಿ ಹೋಗುವುದು ಅಪರೂಪ, ಭುಜದ ಕಡೆ ಸ್ವಲ್ಪ ಉಳಿಯುತ್ತದೆ. ಆದರೂ ಕೆಟ್ಟ ಸ್ಥಿತಿಯನ್ನೇ ಲೆಕ್ಕಕ್ಕೆ ಹಿಡಿದರೆ 12 ಮತ್ತು 3 ಸೇರಿ ವಿಂಗ್ 15 ಕಿಲೋ ಎತ್ತಬೇಕು. ಮೇಲೆ ಬಂದ ಮೇಲೆ ತಲೆ ನೀರಿನಿಂದ ಹೊರಗಿರಬೇಕಾದರೆ ಇನ್ನೆರಡು ಮೂರು ಕಿಲೋ. ಹೀಗೆ ಈ ಡೈವರ್‌ಗೆ ಬೇಕಾದ ವಿಂಗ್ 18 ಕಿಲೋ ಎತ್ತುವಂಥದ್ದು. ಅಂಗಡಿಗಳ ಪಟ್ಟಿಯಲ್ಲಿ ಇದು ಬಹುಮಟ್ಟಿಗೆ 40 ಪೌಂಡ್ ಎಂದಿರುತ್ತದೆ.

ನೀರು ತುಂಬಿದ ಸೂಟ್ ನೀರಿನಿಂದ ಹೊರಬರುವಾಗ ಮಾತ್ರ ನಿಜವಾಗಿ ಭಾರವಾಗುತ್ತದೆ. ಏಣಿ ಹತ್ತುವ ಮೊದಲು ಸಾಮಾನನ್ನು ಬಿಚ್ಚಿ ದೋಣಿಯವರ ಕೈಗೆ ಕೊಡಬೇಕಾಗುತ್ತದೆ, ಮೊದಲನೆಯ ಪರೀಕ್ಷೆ ಮುಖ್ಯವಾಗುವುದೂ ಆಗಲೇ.

ಹಾಗಾದರೆ 25 ಕಿಲೋ ಎತ್ತುವ ವಿಂಗನ್ನೇ ಕೊಂಡುಬಿಟ್ಟರೆ ಇನ್ನೂ ಕ್ಷೇಮವಲ್ಲವೇ ಎಂದು ಕೇಳುವವರಿದ್ದಾರೆ. ಒಂದೇ ಸಿಲಿಂಡರಿಗೆ ಅಷ್ಟು ಅಗಲದ ವಿಂಗ್ ಕಟ್ಟಿದರೆ ಅದರ ಅಂಚುಗಳು ಸಿಲಿಂಡರಿನ ಎರಡೂ ಬದಿಗಳಿಂದ ಮೇಲೆದ್ದು ಅದನ್ನು ಸುತ್ತಿಕೊಳ್ಳುತ್ತವೆ. ಗಾಳಿ ಮೂಲೆಗಳಲ್ಲಿ ಸಿಕ್ಕಿಕೊಂಡು, ವಾಲ್ವ್ ಎಳೆದರೂ ಹೊರಗೆ ಬರುವುದಿಲ್ಲ. ಈಜುವಾಗ ನೀರಿನ ತಡೆಯೂ ಹೆಚ್ಚು. ಮೇಲೇರುವಾಗ ಬೇಗ ಖಾಲಿಯಾಗುವ ವಿಂಗ್ ಡ್ರೈಸೂಟ್ ತೊಟ್ಟವರಿಗೆ ಎಲ್ಲರಿಗಿಂತ ಹೆಚ್ಚು ಬೇಕು, ಏಕೆಂದರೆ ಅವರ ಗಮನದ ಅರ್ಧ ಸೂಟಿನ ಗಾಳಿಯ ಮೇಲಿರುತ್ತದೆ. ಒಂದು ಸಿಲಿಂಡರಿಗೆ 13ರಿಂದ 20 ಕಿಲೋ, ಜೋಡಿ ಸಿಲಿಂಡರಿಗೆ 18ರಿಂದ 27 ಕಿಲೋ ಎತ್ತುವ ವಿಂಗ್‌ಗಳು ಬಳಕೆಯಲ್ಲಿವೆ. ತಮ್ಮ ಲೆಕ್ಕ ಎಲ್ಲಿ ಬಂದು ನಿಲ್ಲುತ್ತದೆಯೋ ಅದಕ್ಕಿಂತ ಒಂದು ಅಳತೆ ಮೇಲಿನದನ್ನು ಆಯ್ದುಕೊಂಡರೆ ಸಾಕು. ಲೆಕ್ಕ ಇಪ್ಪತ್ತೈದನ್ನು ದಾಟಿತೆಂದರೆ, ವಿಂಗ್ ದೊಡ್ಡದು ಮಾಡುವ ಮೊದಲು ಸೀಸ ಹೆಚ್ಚಾಯಿತೇ ಎಂದು ನೋಡಬೇಕು.

ಸೀಸ ಸರಿಯಿದೆಯೇ ಎಂದು ತಿಳಿಯುವ ಪರೀಕ್ಷೆಯನ್ನು ಡೈವಿನ ಕೊನೆಯಲ್ಲಿ ಮಾಡಬೇಕು. ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಾಗ, ವಿಂಗ್ ಪೂರ್ತಿ ಖಾಲಿಯಾಗಿರುವಾಗ, ಸೂಟಿನಲ್ಲಿ ಚಳಿ ತಡೆಯುವಷ್ಟು ಗಾಳಿ ಮಾತ್ರ ಇರುವಾಗ, 3ರಿಂದ 5 ಮೀಟರ್ ಆಳದಲ್ಲಿ ಮೇಲೆ ಹೋಗದೆ ಕೆಳಗೂ ಇಳಿಯದೆ ನಿಲ್ಲಲು ಸಾಧ್ಯವಾಗಬೇಕು. ಕೆಳಕ್ಕೆ ಇಳಿಯುತ್ತೇವೆ ಎಂದರೆ ಸೀಸ ಹೆಚ್ಚಿದೆ. ಹೆಚ್ಚಾದ ಪ್ರತಿ ಕಿಲೋ ಸೀಸಕ್ಕೆ ಒಂದು ಲೀಟರ್ ಹೆಚ್ಚುವರಿ ಗಾಳಿ ಬೇಕು, ಆ ಒಂದೊಂದು ಲೀಟರೂ ಏರುವಾಗ ಹಿಗ್ಗುತ್ತದೆ. ಹೊಸ ಡ್ರೈಸೂಟ್ ಡೈವರ್‌ಗಳಿಗೆ ಬಾಡಿಗೆ ಅಂಗಡಿಗಳಲ್ಲಿ ಎರಡು ಮೂರು ಕಿಲೋ ಹೆಚ್ಚಿಗೆ ಕೊಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಇಳಿಯುವುದು ಸುಲಭವಾಗಲೆಂದು ಕೊಟ್ಟ ತೂಕ ಏರುವುದನ್ನು ಕಷ್ಟವಾಗಿಸುತ್ತದೆ.

ಇನ್ನು ಸಾಧನದ ಬಗೆಗೆ ಬರೋಣ. ಮೈಸುತ್ತ ಗಾಳಿ ತುಂಬುವ ಜಾಕೆಟ್, ಬೆನ್ನಿಗೆ ಮಾತ್ರ ಗಾಳಿ ತುಂಬುವ ಬಿಸಿಡಿ, ಲೋಹದ ಬ್ಯಾಕ್‌ಪ್ಲೇಟಿಗೆ ಪಟ್ಟಿ ಮತ್ತು ವಿಂಗ್ ಕಟ್ಟಿದ ಜೋಡಣೆ, ಇವು ಮೂರು ಮುಖ್ಯ ಬಗೆಗಳು. ನೇತ್ರಾಣಿಯಲ್ಲಿ ಕಲಿಯುವವರು ಸಾಮಾನ್ಯವಾಗಿ ತೊಡುವುದು ಮೊದಲನೆಯದನ್ನು, ಮತ್ತು ಅದು ಅಲ್ಲಿನ ಕೆಲಸಕ್ಕೆ ತಕ್ಕದ್ದೇ. ಡ್ರೈಸೂಟಿನೊಂದಿಗೆ ಅದರ ತೊಂದರೆ ಹೊರಗಿನಿಂದ ನೋಡಿದರೆ ಕಾಣುವುದಿಲ್ಲ, ತೊಟ್ಟು ಗಾಳಿ ತುಂಬಿದಾಗ ಗೊತ್ತಾಗುತ್ತದೆ. ಜಾಕೆಟಿನ ಚೀಲ ಪಕ್ಕೆಲುಬುಗಳ ಸುತ್ತ, ಕಂಕುಳಿನ ಕೆಳಗೆ ಉಬ್ಬಿ ಸೂಟನ್ನು ಅಮುಕುತ್ತದೆ. ಅಲ್ಲಿದ್ದ ಗಾಳಿ ಕುತ್ತಿಗೆಗೂ ತೋಳಿಗೂ ಸರಿಯುತ್ತದೆ. ಹೊಟ್ಟೆಯ ಅಗಲ ಪಟ್ಟಿ ಮತ್ತು ಎದೆಯ ಪಟ್ಟಿ ಸೂಟಿನ ಗಾಳಿ ತುಂಬುವ ವಾಲ್ವಿನ ಮೇಲೆ ಬಂದು ಕೂರಬಹುದು. ಆಗ ಅದನ್ನು ಹುಡುಕಿ ಒತ್ತುವುದು ಕಷ್ಟ. ಅದಕ್ಕಿಂತ ಕೆಟ್ಟದ್ದೆಂದರೆ ಪಟ್ಟಿಯ ಒತ್ತಡಕ್ಕೆ ವಾಲ್ವ್ ತಾನೇ ಒತ್ತಿಕೊಂಡು ಸೂಟಿಗೆ ಬೇಡದ ಗಾಳಿ ತುಂಬುವುದು. ಭುಜದ ದಪ್ಪ ಮೆತ್ತೆ ಎಡತೋಳಿನ ವಾಲ್ವಿನ ಕಡೆಗೆ ಜಾರಿದರೆ ಗಾಳಿ ಹೊರಹೋಗುವ ದಾರಿಯೇ ಕಟ್ಟುತ್ತದೆ. ಇದರ ಮೇಲೆ, ವೆಟ್‌ಸೂಟಿನ ಮೇಲೆ ಸರಿಯಾಗಿದ್ದ ಅಳತೆ ದಪ್ಪ ಅಂಡರ್‌ಸೂಟಿನ ಮೇಲೆ ಬಿಗಿಯಾಗುತ್ತದೆ. ಎಲ್ಲ ಜಾಕೆಟುಗಳೂ ಹೀಗೆಂದು ನಾನು ಹೇಳುತ್ತಿಲ್ಲ. ಕೈಯಲ್ಲಿರುವ ಜಾಕೆಟನ್ನೇ ಬಳಸುವುದಾದರೆ ಅಂಡರ್‌ಸೂಟ್, ಸೂಟ್, ಕೈಗವಸು ಎಲ್ಲವನ್ನೂ ತೊಟ್ಟು, ಜಾಕೆಟಿನಲ್ಲಿ ಪೂರ್ತಿ ಗಾಳಿ ತುಂಬಿ, ಎರಡೂ ವಾಲ್ವ್‌ಗಳು ಕೈಗೆ ಸಿಗುತ್ತವೆಯೇ ಎಂದು ನೆಲದ ಮೇಲೆಯೇ ನೋಡಿಕೊಳ್ಳಬೇಕು. ಸಿಗದಿದ್ದರೆ ಆ ಜಾಕೆಟ್ ಡ್ರೈಸೂಟಿನ ಕೆಲಸಕ್ಕೆ ಬಾರದು.

ನನ್ನ ಒಲವು ಬ್ಯಾಕ್‌ಪ್ಲೇಟ್ ಮತ್ತು ವಿಂಗಿನ ಕಡೆಗೆ. ಎದೆಯ ಮೇಲೆ ಐದು ಸೆಂಟಿಮೀಟರ್ ಅಗಲದ ಎರಡು ಪಟ್ಟಿಗಳು ಬಿಟ್ಟರೆ ಬೇರೇನೂ ಇರುವುದಿಲ್ಲ, ಹಾಗಾಗಿ ಸೂಟಿನ ವಾಲ್ವ್‌ಗಳು ತೆರೆದೇ ಇರುತ್ತವೆ. ಇಡೀ ದೇಹಕ್ಕೆ ಒಂದೇ ಉದ್ದ ಪಟ್ಟಿಯಿರುವುದರಿಂದ ಚಳಿಗಾಲದ ದಪ್ಪ ಅಂಡರ್‌ಸೂಟಿಗೂ ಬೇಸಿಗೆಯ ತೆಳುವಾದುದಕ್ಕೂ ಅದನ್ನೇ ಸಡಿಲಿಸಿ ಬಿಗಿಯಬಹುದು. ಕಾಲುಗಳ ನಡುವಿನ ಪಟ್ಟಿ ಇಡೀ ಜೋಡಣೆ ತಲೆಯ ಕಡೆಗೆ ಜಾರದಂತೆ ಹಿಡಿಯುತ್ತದೆ. ಇದರ ಒಂದು ತೊಡಕನ್ನು ಮರೆಮಾಚಬಾರದು: ಡ್ರೈಸೂಟಿನ ಬಿಗಿ ತೋಳುಗಳೊಂದಿಗೆ ಬಕಲ್ ಇಲ್ಲದ ಭುಜದ ಪಟ್ಟಿಯಿಂದ ಕೈ ಹೊರತೆಗೆಯುವುದು, ಅದರಲ್ಲೂ ಭುಜದ ನೋವಿರುವವರಿಗೆ, ಸುಲಭವಲ್ಲ. ಅಂಥವರು ಎಡಭುಜದ ಪಟ್ಟಿಗೆ ಒಂದು ಬಿಚ್ಚುವ ಬಕಲ್ ಹಾಕಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಇನ್ನೊಂದು, ಬೆನ್ನಿಗೆ ಮಾತ್ರ ಗಾಳಿಯಿರುವ ಸಾಧನವನ್ನು ನೀರಿನ ಮೇಲೆ ಅತಿಯಾಗಿ ತುಂಬಿದರೆ ಅದು ಮುಖವನ್ನು ಮುಂದಕ್ಕೆ ದೂಡುತ್ತದೆ. ಸ್ವಲ್ಪ ಕಡಿಮೆ ತುಂಬಿ ಹಿಂದಕ್ಕೆ ಒರಗಿ ನಿಲ್ಲುವುದನ್ನು ಕಲಿಯಬೇಕು. ಬಿಸಿಡಿ ಯಾವ ಬಗೆಯದಾದರೂ ಜೀವರಕ್ಷಕ ಜಾಕೆಟ್ ಅಲ್ಲ, ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲೆ ಹಿಡಿಯುವ ಭರವಸೆಯನ್ನು ಅದು ಕೊಡುವುದಿಲ್ಲ.

ಸ್ಟೀಲ್ ಪ್ಲೇಟ್ ಎರಡೂವರೆಯಿಂದ ಮೂರು ಕಿಲೋ ತೂಗುತ್ತದೆ, ಅಲ್ಯೂಮಿನಿಯಂ ಪ್ಲೇಟ್ ಸುಮಾರು ಒಂದು ಕಿಲೋ. ತಣ್ಣೀರಿಗೆ ಸ್ಟೀಲೇ ಮೇಲು. ಹೇಗೂ ಹೊರಬೇಕಾದ ತೂಕದಲ್ಲಿ ಒಂದು ಪಾಲು ಸೊಂಟದಿಂದ ಬೆನ್ನಿಗೆ ಹೋಗುತ್ತದೆ. ಈ ಸ್ಥಳಾಂತರದ ಮಹತ್ವ ನಮ್ಮ ಊರಿನವರಿಗೆ ಬೇಗ ಅರ್ಥವಾಗುತ್ತದೆ. ರಂಪಣಿ ಬಲೆಯ ಮೇಲಂಚಿಗೆ ತೇಲುಗಳನ್ನೂ ಕೆಳಂಚಿಗೆ ಭಾರವನ್ನೂ ಕಟ್ಟುವುದರಿಂದಲೇ ಅದು ನೀರಿನಲ್ಲಿ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಎದೆಯ ಸುತ್ತ ಗಾಳಿ, ಸೊಂಟದಲ್ಲಿ ಎಲ್ಲ ಸೀಸ ಎಂದಾದರೆ ಡೈವರ್ ಕೂಡ ಹಾಗೆಯೇ ನಿಲ್ಲುತ್ತಾರೆ. ಬಲೆಗೆ ಬೇಕಾದ ನಿಲುವು ಡೈವರ್‌ಗೆ ಬೇಡ, ಅವರು ಅಡ್ಡಲಾಗಿ ಮಲಗಿ ಈಜಬೇಕು. ತೂಕವನ್ನು ಬೆನ್ನಿನುದ್ದಕ್ಕೆ ಹರಡಿದರೆ, ಪ್ಲೇಟಿನಲ್ಲಿ ಸ್ವಲ್ಪ, ಸಿಲಿಂಡರಿನ ಪಟ್ಟಿಯ ಸಣ್ಣ ಚೀಲಗಳಲ್ಲಿ ಸ್ವಲ್ಪ, ಸೊಂಟದಲ್ಲಿ ಸ್ವಲ್ಪ ಇಟ್ಟರೆ, ತೇಲುವ ಬಲದ ಕೇಂದ್ರವೂ ತೂಕದ ಕೇಂದ್ರವೂ ಹತ್ತಿರ ಬಂದು ಮೈ ಸಮವಾಗುತ್ತದೆ. ಹಾಗೆ ಮಲಗಿದಾಗ ಸೂಟಿನ ಗಾಳಿಯೂ ಬೆನ್ನಿನುದ್ದಕ್ಕೆ ಹರಡಿ ಪಾದಕ್ಕೆ ಓಡುವುದು ಕಡಿಮೆಯಾಗುತ್ತದೆ. ಕಣಕಾಲಿಗೆ ಕಟ್ಟುವ ತೂಕಗಳನ್ನು ಕೊಳ್ಳುವ ಮೊದಲು ಇದನ್ನು ಮಾಡಿ ನೋಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಪ್ರತಿ ಒದೆತಕ್ಕೂ ಅವುಗಳನ್ನು ಎತ್ತಬೇಕಾಗುತ್ತದೆ, ಕಾಲು ಬೇಗ ದಣಿಯುತ್ತದೆ.

ತೂಕವನ್ನು ಹಂಚುವುದರಲ್ಲಿ ಕ್ಷೇಮದ ಲೆಕ್ಕವೂ ಇದೆ. ಆಳದಲ್ಲಿ ಏಳು ಕಿಲೋ ಸೀಸ ಒಮ್ಮೆಲೇ ಕಳಚಿಬಿದ್ದರೆ ಡ್ರೈಸೂಟ್ ತೊಟ್ಟವರು ಮೇಲಕ್ಕೆ ಹಾರುವುದನ್ನು ತಡೆಯಲಾಗುವುದಿಲ್ಲ. ಒಂದು ಪಾಲು ಕಳಚದಂತೆ ಗಟ್ಟಿಯಾಗಿರಬೇಕು, ಇನ್ನೊಂದು ಪಾಲನ್ನು ನೀರಿನ ಮೇಲೆ ಬಂದ ಮೇಲೆ ಬಿಡಲು ಸಾಧ್ಯವಾಗಬೇಕು. ಬಿಡುವ ಪಾಲಿನ ಹಿಡಿ ದಪ್ಪ ಕೈಗವಸಿಗೆ ಸಿಗುವಷ್ಟು ದೊಡ್ಡದಿರಬೇಕು. ಇದೇ ಮಾತು ವಿಂಗಿನ ಗುಂಡಿಗಳಿಗೂ ಕೊಕ್ಕೆಗಳಿಗೂ ಸಲ್ಲುತ್ತದೆ: ಅಂಗಡಿಯಲ್ಲಿ ಬರಿಗೈಯಿಂದ ಒತ್ತಿ ನೋಡಿ ಕೊಳ್ಳಬಾರದು, ಕೈಗವಸು ಒಯ್ದು ನೋಡಬೇಕು.

ಹೋಸ್‌ಗಳ ಬಗ್ಗೆ ಒಂದು ಮಾತು. ಸೂಟಿಗೊಂದು, ವಿಂಗಿಗೊಂದು ಗಾಳಿಯ ಹೋಸ್ ಬೇಕಾಗುವುದರಿಂದ ರೆಗ್ಯುಲೇಟರಿನ ಮೊದಲ ಹಂತದಲ್ಲಿ, ಅಂದರೆ ಸಿಲಿಂಡರಿಗೆ ಜೋಡಿಸುವ ಭಾಗದಲ್ಲಿ, ಅಷ್ಟು ರಂಧ್ರಗಳಿವೆಯೇ ಎಂದು ಮೊದಲೇ ನೋಡಬೇಕು. ಎರಡು ಮೊದಲ ಹಂತಗಳಿರುವ ಜೋಡಿ ಸಿಲಿಂಡರಿನಲ್ಲಿ ವಿಂಗನ್ನು ಬಲಗಡೆಯದಕ್ಕೂ ಸೂಟನ್ನು ಎಡಗಡೆಯದಕ್ಕೂ ಜೋಡಿಸುವುದು ವಾಡಿಕೆ. ಒಂದನ್ನು ಮುಚ್ಚಬೇಕಾಗಿ ಬಂದರೂ ಇನ್ನೊಂದು ಚೀಲಕ್ಕೆ ಗಾಳಿ ಉಳಿಯುತ್ತದೆ. ಅತಿ ತಣ್ಣನೆಯ ನೀರಿನಲ್ಲಿ ವಾಲ್ವನ್ನು ಬಹಳ ಹೊತ್ತು ಒತ್ತಿ ಹಿಡಿದರೆ ಅದು ಹೆಪ್ಪುಗಟ್ಟಿ ತೆರೆದೇ ಉಳಿಯಬಹುದು. ಚುಟುಕಾಗಿ ಒತ್ತಿ ಬಿಡುವ ಅಭ್ಯಾಸ ಬೇಕು, ಮತ್ತು ಹಾಗೆ ಸಿಕ್ಕಿಕೊಂಡ ಹೋಸನ್ನು ಒಂದೇ ಕೈಯಿಂದ, ಕೈಗವಸು ತೊಟ್ಟೇ, ಕಳಚಲು ಬರಬೇಕು.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ. ಎರಡು ಒಳಚೀಲಗಳಿರುವ ವಿಂಗ್ ಕೊಳ್ಳಬೇಕೇ ಎಂದು ಒಬ್ಬರು ಕೇಳಿದರು. ವಿಂಗ್ ಹರಿದರೆ ಮೇಲೆ ಬರಲು ಇನ್ನೊಂದು ದಾರಿ ಬೇಕೆಂಬ ಅವರ ಕಾಳಜಿ ಸರಿಯಾದದ್ದು, ಆದರೆ ಡ್ರೈಸೂಟ್ ತೊಟ್ಟವರಿಗೆ ಆ ಇನ್ನೊಂದು ದಾರಿ ಸೂಟೇ. ಎರಡನೆಯ ಒಳಚೀಲವೆಂದರೆ ಇನ್ನೊಂದು ಹೋಸ್, ಇನ್ನೊಂದು ಗುಂಡಿ, ಯಾವುದರಲ್ಲಿ ಗಾಳಿಯಿದೆ ಎಂಬ ಇನ್ನೊಂದು ಗೊಂದಲ. ಜೋಡಿ ಸಿಲಿಂಡರನ್ನು ವೆಟ್‌ಸೂಟಿನಲ್ಲಿ ಹೊರುವವರಿಗೆ ಅದರ ಉಪಯೋಗವಿರಬಹುದು.

ಸಿಲ್ಫ್ರಾಕ್ಕೆ ಹೋಗುವ ಸಿದ್ಧತೆಯಲ್ಲಿದ್ದ ಒಬ್ಬರು, ಸಮುದ್ರದಲ್ಲಿ ಹೊಂದಿಸಿದ ಸೀಸ ಅಲ್ಲಿಗೂ ಸರಿಹೋಗುತ್ತದೆಯೇ ಎಂದು ಕೇಳಿದರು. ಸಿಲ್ಫ್ರಾದ್ದು ಸಿಹಿನೀರು. ಉಪ್ಪುನೀರು ಅದಕ್ಕಿಂತ ಸುಮಾರು ಶೇಕಡಾ ಎರಡೂವರೆ ಸಾಂದ್ರವಾದ್ದರಿಂದ, ಸಾಮಾನಿನ ಸಮೇತ 110 ಕಿಲೋ ತೂಗುವವರಿಗೆ ಸಿಹಿನೀರಿನಲ್ಲಿ ಎರಡೂಮುಕ್ಕಾಲು ಕಿಲೋ ಸೀಸ ಕಡಿಮೆ ಸಾಕು. ನೇತ್ರಾವತಿ, ಫಲ್ಗುಣಿಗಳು ಕಡಲು ಸೇರುವ ಅಳಿವೆಬಾಗಿಲಿನಲ್ಲಿ ಮಳೆಗಾಲದ ನೀರಿಗೂ ಬೇಸಿಗೆಯ ನೀರಿಗೂ ರುಚಿಯಲ್ಲಿರುವ ವ್ಯತ್ಯಾಸ ನಮಗೆಲ್ಲ ಗೊತ್ತು. ತೇಲುವಿಕೆಯಲ್ಲಿಯೂ ಅದೇ ವ್ಯತ್ಯಾಸ. ಸಿಲ್ಫ್ರಾದಲ್ಲಿ 18 ಮೀಟರ್‌ಗಿಂತ ಆಳಕ್ಕೆ ಇಳಿಯುವಂತಿಲ್ಲ, ಡ್ರೈಸೂಟಿನ ತರಬೇತಿ ಅಥವಾ ಅನುಭವದ ದಾಖಲೆಯನ್ನು ಅಲ್ಲಿ ಕೇಳುತ್ತಾರೆ ಎಂಬುದನ್ನೂ ತಿಳಿದಿರಬೇಕು. ಆ ತರಬೇತಿಯ ಅಭ್ಯಾಸವನ್ನು ಇಲ್ಲಿನ ಈಜುಕೊಳದಲ್ಲಿ ಮಾಡುವವರು ದಪ್ಪ ಅಂಡರ್‌ಸೂಟ್ ತೊಡದೆ, ನೆರಳಿನಲ್ಲಿ ಸಿದ್ಧರಾಗಿ, ಸ್ವಲ್ಪ ಹೊತ್ತಿಗೆ ಮುಗಿಸಬೇಕು. ಮಂಗಳೂರಿನ ಸೆಕೆಯಲ್ಲಿ ಗಾಳಿಯಾಡದ ಸೂಟಿನೊಳಗೆ ಮೈ ಬಿಸಿಯೇರುವುದು ಬಹಳ ಬೇಗ.

ವಿಮಾನದಲ್ಲಿ ಏನನ್ನು ಒಯ್ಯಬೇಕೆಂಬುದು ಕೊನೆಯ ಪ್ರಶ್ನೆ. ಸೀಸ ಮತ್ತು ಸಿಲಿಂಡರ್ ಅಲ್ಲಿ ಬಾಡಿಗೆಗೆ ಸಿಗುತ್ತವೆ, ಒಯ್ಯಬೇಕಿಲ್ಲ. ತಮ್ಮ ಮೈಗೆ ಹೊಂದಿಸಿದ ಪಟ್ಟಿ, ವಿಂಗ್ ಮತ್ತು ರೆಗ್ಯುಲೇಟರ್ ತಮ್ಮವೇ ಇರುವುದು ಒಳ್ಳೆಯದು. ಸಾಮಾನಿನ ತೂಕದ ಮಿತಿ ಕಡಿಮೆಯಿದ್ದರೆ ಸ್ಟೀಲ್ ಪ್ಲೇಟನ್ನು ಮನೆಯಲ್ಲಿಟ್ಟು ಅದೇ ಪಟ್ಟಿಯನ್ನು ಅಲ್ಯೂಮಿನಿಯಂ ಪ್ಲೇಟಿಗೆ ಪೋಣಿಸಿಕೊಂಡು ಹೋಗಬಹುದು. ಆಗ ಬೆನ್ನಿನಿಂದ ಹೋದ ಎರಡು ಕಿಲೋದಷ್ಟು ತೂಕವನ್ನು ಅಲ್ಲಿ ಸೀಸವಾಗಿ ಪಡೆದು, ಸೊಂಟಕ್ಕೆ ಹಾಕದೆ ಸಿಲಿಂಡರಿನ ಪಟ್ಟಿಯ ಚೀಲಗಳಲ್ಲಿ ಇಡಬೇಕು. ಸಿಲಿಂಡರ್ ಸ್ಟೀಲಿನದೋ ಅಲ್ಯೂಮಿನಿಯಂದೋ ಎಂದು ಬಾಡಿಗೆಯವರನ್ನು ಮುಂಚೆಯೇ ಕೇಳಿಕೊಳ್ಳಬೇಕು. ನೇತ್ರಾಣಿಯಲ್ಲಿ ನಮಗೆ ಪರಿಚಿತವಾದ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾಗುತ್ತ ಬಂದಂತೆ ಒಂದೂವರೆಯಿಂದ ಎರಡು ಕಿಲೋ ಬಲದಿಂದ ತೇಲತೊಡಗುತ್ತದೆ, ಸ್ಟೀಲಿನದು ಬಹುಪಾಲು ಖಾಲಿಯಾದರೂ ಮುಳುಗಿಯೇ ಇರುತ್ತದೆ. ಒಂದರ ಬದಲು ಇನ್ನೊಂದು ಕೈಗೆ ಬಂದರೆ ಸೀಸದ ಲೆಕ್ಕ ಮೂರು ಮೂರೂವರೆ ಕಿಲೋದವರೆಗೆ ಬದಲಾಗುತ್ತದೆ, ಮತ್ತು 50 ಬಾರ್ ಉಳಿದಿರುವಾಗಿನ ಆ ಪರೀಕ್ಷೆಯನ್ನು ಅಲ್ಲಿನ ಮೊದಲ ಡೈವಿನ ಕೊನೆಯಲ್ಲಿ, ಕಡಿಮೆ ಆಳದಲ್ಲಿ, ಹೊಸದಾಗಿ ಮಾಡಿಕೊಳ್ಳಬೇಕಾಗುತ್ತದೆ.